‘ಜೊತೆಗೆ ಯಾರು ಬಂದಿದ್ದೀರಿ?’: ಸಮಾಜ ಕಲ್ಯಾಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ದಾವಣಗೆರೆಯಲ್ಲಿ ಸಣ್ಣದೊಂದು ಚಹಾದಂಗಡಿ ಇಟ್ಟುಕೊಂಡವನು. ಬೆಳಗಿನ ಐದಕ್ಕೆ ಒಲೆ ಹೊತ್ತಿಸುತ್ತೇನೆ. ಹಾಗಾಗಿ ಊರು ಏಳುವ ಮೊದಲು ಯಾವ ಜಗಲಿಯ ಮೇಲೆ ಯಾರು ಮಲಗಿರುತ್ತಾರೆ ಎಂಬುದು ನಿಮ್ಮ ಇಲಾಖೆಗಿಂತ ನನಗೆ ಚೆನ್ನಾಗಿ ಗೊತ್ತು.

ಅವರಲ್ಲಿ ಒಬ್ಬರ ಕಥೆ ಹೇಳಬೇಕು. ಮಂಡಿಯಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ, ಐವತ್ತರ ಆಸುಪಾಸು. ಹೆಂಡತಿ ತೀರಿಕೊಂಡ ಮೇಲೆ ಬಾಡಿಗೆ ಮನೆ ಹೋಯಿತು, ಮುಚ್ಚಿದ ಗೋದಾಮಿನ ಜಗಲಿ ಮನೆಯಾಯಿತು. ಕುಡಿದು ಬೀದಿಗೆ ಬಿದ್ದ ಎಂದು ಜನ ಆಡಿಕೊಳ್ಳುತ್ತಾರಲ್ಲ, ಇವರದು ತಿರುವುಮುರುವು. ಬೀದಿಗೆ ಬಿದ್ದ ಮೇಲೆ, ಹೊತ್ತ ಮೈಯಿಗೆ ಕಲ್ಲಿನ ಮೇಲೆ ನಿದ್ದೆ ಬರಲೆಂದು ಕುಡಿತ ಹೆಚ್ಚಾಯಿತು. ಒಂದು ಮುಂಜಾನೆ ನನ್ನ ಅಂಗಡಿಯ ಮುಂದೆ ನಿಂತು, ನಡುಗುವ ಕೈಯಲ್ಲಿ ಲೋಟ ಹಿಡಿಯಲಾಗದೆ, ‘ಬಿಡಬೇಕು ಅನ್ನಿಸಿದೆ’ ಎಂದರು.

ಪಕ್ಕದ ಅಂಗಡಿಯ ದರ್ಜಿ, ಎದುರಿನ ಸ್ಟ್ಯಾಂಡಿನ ಆಟೋ ಚಾಲಕ ಮತ್ತು ನಾನು ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಆಸ್ಪತ್ರೆಯ ಹೆಸರು ಬೇಡ. ಚೀಟಿ ಬರೆಯುವವರು ಕೇಳಿದ ಮೊದಲ ಪ್ರಶ್ನೆ: ‘ಜೊತೆಗೆ ಯಾರು ಬಂದಿದ್ದೀರಿ? ಮನೆಯವರಾ?’ ಅಲ್ಲವೆಂದೆವು. ಮನೆಯವರಿಲ್ಲದೆ ಒಳರೋಗಿಯಾಗಿ ಸೇರಿಸಿಕೊಳ್ಳುವುದಿಲ್ಲ ಎಂದರು. ಅವರನ್ನು ಪೂರ್ತಿ ಬೈಯಲಾರೆ. ಕುಡಿತ ಬಿಡಿಸುವಾಗಿನ ರಾತ್ರಿಗಳಲ್ಲಿ ರೋಗಿ ಮಂಚದಿಂದ ಇಳಿದು ಓಡುತ್ತಾನೆ, ಒಬ್ಬರು ನರ್ಸ್ ಇಡೀ ವಾರ್ಡನ್ನು ನೋಡಬೇಕು. ಹಿಡಿದು ಕೂರಿಸುವವರು ಬೇಕೇ ಬೇಕು.

ನಾವು ವಾಪಸು ಬಂದೆವು. ಹಟ ಹಿಡಿದ ಆ ಮನುಷ್ಯ ತಾವಾಗಿಯೇ ಕುಡಿತ ನಿಲ್ಲಿಸಿದರು. ಮರುದಿನ ರಾತ್ರಿ ಜಗಲಿಯ ಮೇಲೆಯೇ ಫಿಟ್ಸ್ ಬಂತು. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯವನ್ನು ಒಮ್ಮೆಲೇ ತಪ್ಪಿಸಿದರೆ ಎರಡು ದಿನದೊಳಗೆ ಫಿಟ್ಸ್, ಎರಡು–ಮೂರನೇ ದಿನಕ್ಕೆ ಸನ್ನಿ ಬರಬಹುದು, ಜೀವವೇ ಹೋಗಬಹುದು ಎಂಬುದನ್ನು ನಾವು ಕಲಿತದ್ದು ಆಮೇಲೆ, ವೈದ್ಯರಿಂದ. ಆ ರಾತ್ರಿ ಮತ್ತೆ ಅದೇ ಕಿಟಕಿಗೆ ಹೋದಾಗ ದರ್ಜಿ ಅರ್ಜಿಯನ್ನು ಕೈಗೆತ್ತಿಕೊಂಡು ‘ರೋಗಿಯೊಂದಿಗಿನ ಸಂಬಂಧ’ ಎಂಬಲ್ಲಿ ‘ತಮ್ಮ’ ಎಂದು ಬರೆದು ರುಜು ಹಾಕಿದರು. ಆ ಎರಡು ಹೆಸರು ಒಂದೇ ಮನೆಯವಲ್ಲ ಎಂದು ಕುರುಡನಿಗೂ ತಿಳಿಯುತ್ತಿತ್ತು. ಚೀಟಿಯವರು ಹೆಸರು ನೋಡಿದರು, ನಮ್ಮ ಮುಖ ನೋಡಿದರು, ಠಸ್ಸೆ ಒತ್ತಿದರು.

ಮೂರು ರಾತ್ರಿ ಸರದಿಯಲ್ಲಿ ಕಾದೆವು. ಗೋಡೆಯ ಮೇಲೆ ಇರುವೆಗಳು ಹರಿದಾಡುತ್ತಿವೆ ಎಂದು ಅವರು ಕೂಗುತ್ತಿದ್ದರು. ನಾವು ‘ಹೌದು, ಒರೆಸುತ್ತೇವೆ’ ಎಂದು ಒರೆಸಿದಂತೆ ಮಾಡುತ್ತಿದ್ದೆವು. ಹತ್ತನೇ ದಿನ ಬಿಡುಗಡೆ. ಎಲ್ಲಿಗೆ? ಅದೇ ಜಗಲಿಗೆ. ನಾಲ್ಕೇ ದಿನದಲ್ಲಿ ಮತ್ತೆ ಕುಡಿದರು. ಆಸ್ಪತ್ರೆ ತನ್ನ ಕೆಲಸ ಮಾಡಿತ್ತು, ತಪ್ಪಿದ್ದು ನಾವು. ರಾತ್ರಿ ಕಾದವರು ಸಂಜೆಯ ಬಗ್ಗೆ ಯೋಚಿಸಿರಲಿಲ್ಲ.

ಎರಡನೇ ಸಲ ಹಾಗೆ ಮಾಡಲಿಲ್ಲ. ದರ್ಜಿ ತಮ್ಮ ಅಂಗಡಿಯ ಅಟ್ಟ ಖಾಲಿ ಮಾಡಿ ಹಾಸಿಗೆ ಹಾಕಿಕೊಟ್ಟರು. ಹಮಾಲಿಯವರದೇ ಒಪ್ಪಿಗೆಯ ಮೇಲೆ ಅವರ ದಿನದ ಕೂಲಿ ನನ್ನ ಅಂಗಡಿಯ ಬಿಸ್ಕತ್ ಡಬ್ಬಿಯಲ್ಲಿ ಜಮೆಯಾಗತೊಡಗಿತು. ಕೂಲಿ ಕೈಗೆ ಸಿಗುವ ಸಂಜೆ ಆರು ಗಂಟೆಯೇ ಅತಿ ಕಷ್ಟದ ಗಳಿಗೆ. ಅದೇ ಹೊತ್ತಿಗೆ ಆಟೋ ಚಾಲಕ ಅವರನ್ನು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಸಭೆಗೆ ಕರೆದೊಯ್ಯುತ್ತಿದ್ದರು. ತಾವೂ ಒಂದು ಕಾಲದಲ್ಲಿ ಮಹಾ ಕುಡುಕರಾಗಿದ್ದವರು ಎಂಬುದನ್ನು ಅವರು ನಮಗೆ ಹೇಳಿದ್ದೇ ಆಗ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಶಸ್ತ್ರವೈದ್ಯ, ಒಬ್ಬ ಷೇರು ದಲ್ಲಾಳಿ, ಇಬ್ಬರೂ ಕುಡುಕರೇ, ಎದುರುಬದುರು ಕುಳಿತು ಮಾತಾಡಿ ಶುರುಮಾಡಿದ್ದಂತೆ ಅದು. ಶುಲ್ಕವಿಲ್ಲ, ಉಪದೇಶಕರಿಲ್ಲ. ‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂಬಷ್ಟೇ ಮಾತು. ಇಷ್ಟೆಲ್ಲ ಆದ ಮೇಲೂ ಹಮಾಲಿಯವರು ಮತ್ತೊಮ್ಮೆ ಜಾರಿದರು, ಮುಖ ತೋರಿಸಲು ನಾಚಿ ಎರಡು ದಿನ ಕಾಣೆಯಾದರು. ಆಟೋದಲ್ಲಿ ಊರು ಸುತ್ತಿ ಹುಡುಕಿ ತಂದೆವು. ಈಗ ನನ್ನ ಅಂಗಡಿಯ ಬೀಗದ ಕೈ ಅವರ ಬಳಿ ಇದೆ. ಒಲೆ ಹೊತ್ತಿಸುವ ಕೆಲಸ ಬಹುತೇಕ ಅವರದೇ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳನ್ನು ನೀವು ನೋಡಿರುತ್ತೀರಿ, ಬಹುಶಃ ಉದ್ಘಾಟಿಸಿಯೂ ಇರುತ್ತೀರಿ. ಅಲ್ಲಿ ಊರಿನವರೇ ಅಡುಗೆ ಮಾಡುತ್ತಾರೆ, ಹೆಂಡತಿ ಮಕ್ಕಳು ಬರುತ್ತಾರೆ, ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಯ ಸಭೆಗಳು ನಡೆಯುತ್ತವೆ. ಊರೇ ಕಾವಲು. ಆದರೆ ಊರೂ ಇಲ್ಲದ, ಕರೆದುಕೊಂಡು ಹೋಗಲು ಯಾರೂ ಬಾರದ ಮನುಷ್ಯನಿಗೆ ಅಂಥ ಊರನ್ನು ಎಲ್ಲಿಂದ ತರುವುದು ಎಂಬುದೇ ನನ್ನ ಪ್ರಶ್ನೆ.

ಸದ್ಯಕ್ಕೆ ನಿಮ್ಮ ಇಲಾಖೆಯ ಬಳಿ ಇರುವ ಉತ್ತರ ವ್ಯಾನು. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಲ್ಲಿ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಬಹುದು. ನನ್ನ ಆಸ್ತಿ ತೆರಿಗೆಯ ಜೊತೆಗೆ ಅದಕ್ಕೆಂದು ಶೇ 3ರಷ್ಟು ಉಪಕರ ಕಟ್ಟುತ್ತೇನೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲುಸಾಲು ಸಾವುಗಳಾಗಿ, ಆಗ ನಿಮ್ಮ ಕುರ್ಚಿಯಲ್ಲಿದ್ದವರು ರಾಜೀನಾಮೆ ಕೊಟ್ಟದ್ದು ನೆನಪಿರಬಹುದು. ಕುಡಿತಕ್ಕೆ ಬಿದ್ದವನನ್ನು ವ್ಯಾನಿಗೆ ಹತ್ತಿಸಿ ಬಾಗಿಲು ಹಾಕಿದ ಕ್ಷಣದಿಂದ, ಫಿಟ್ಸ್ ಬರಬಹುದಾದ ಆ ಎರಡು ದಿನಗಳ ಲೆಕ್ಕ ಶುರುವಾಗುತ್ತದೆ. ವೈದ್ಯರು ನೋಡದೆ ಯಾರನ್ನೂ ಹಾಗೆ ಒಯ್ಯಕೂಡದು. ಇದು ಮೊದಲ ಕೋರಿಕೆ.

ಎರಡನೆಯದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮನೋಸ್ಥಿತಿಗಳನ್ನೂ ಕಾಯಿಲೆ ಎಂದೇ ಎಣಿಸುತ್ತದೆ. ಮನೆಯಿಲ್ಲದವರಿಗೆ ಸರ್ಕಾರಿ ಚಿಕಿತ್ಸೆ ಉಚಿತ ಎನ್ನುತ್ತದೆ. ತಾನಾಗಿ ಬಂದ ವಯಸ್ಕ ರೋಗಿಗೆ ಬೇರೆಯವರ ಒಪ್ಪಿಗೆ ಬೇಕಿಲ್ಲ ಎನ್ನುತ್ತದೆ. ಅದರ 14ನೇ ಕಲಮು ಓದಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ರೋಗಿಯ ಪರ ನಿಲ್ಲಲು ಯಾರೂ ಇಲ್ಲವಾದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯು ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನೋ ಅವರು ಸೂಚಿಸಿದವರನ್ನೋ ಪ್ರತಿನಿಧಿಯಾಗಿ ನೇಮಿಸಬೇಕಂತೆ. ಅಂದರೆ ಆ ಕಿಟಕಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಾಗಬೇಕಿದ್ದವರು ನಿಮ್ಮವರು! ಜಿಲ್ಲೆಗೊಬ್ಬರನ್ನು ಸೂಚಿಸಿ, ಅವರ ಫೋನ್ ನಂಬರನ್ನು ಪ್ರತಿ ಆಸ್ಪತ್ರೆಯ ಚೀಟಿ ಕಿಟಕಿಯ ಮೇಲೆ ಬರೆಸಿ. ರಾತ್ರಿ ಕಾಯುವುದು ನಮಗಿರಲಿ. ನೆರೆಹೊರೆಯವರು ಜೊತೆಗಿದ್ದರೂ ಸಾಕು ಎಂದು ಆರೋಗ್ಯ ಇಲಾಖೆಯಿಂದ ಆದೇಶ ಹೊರಡಿಸಿ.

ಇನ್ನು ಬಿಡುಗಡೆಯ ನಂತರದ ಮಾತು. ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿ ನಿರ್ವಸತಿಕರಿಗೆ ತಂಗುದಾಣ ಇರಬೇಕೆಂದು ಕೇಂದ್ರದ ಯೋಜನೆಯೇ ಹೇಳಿತ್ತು. ನಮ್ಮ ಊರು 2011ರ ಜನಗಣತಿಯಲ್ಲೇ 4 ಲಕ್ಷ ದಾಟಿತ್ತು. ತಂಗುದಾಣಗಳು ನಿಮ್ಮ ಇಲಾಖೆಗೆ ಸೇರಿಲ್ಲ ಎನ್ನುತ್ತೀರಿ, ಗೊತ್ತು. ನಗರಾಡಳಿತದವರೊಂದಿಗೆ ಒಮ್ಮೆ ಕುಳಿತು ಮಾತಾಡಿ: ಆಸ್ಪತ್ರೆಯಿಂದ ಬಂದವರಿಗೆ ಕೆಲವು ಹಾಸಿಗೆ ಮೀಸಲಿರಲಿ, ಜಾರಿದ ರಾತ್ರಿಯೇ ಯಾರನ್ನೂ ಹೊರಗೆ ಹಾಕದಿರಲಿ, ಸಂಜೆ ಆರರಿಂದ ಎಂಟರವರೆಗೆ ಸಭೆಗೆಂದು ಒಂದು ಕೋಣೆ ತೆರೆದಿರಲಿ. ಎಲ್ಲರಿಗೂ ದರ್ಜಿಯ ಅಟ್ಟ ಸಿಗುವುದಿಲ್ಲ.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಆ ಅರ್ಜಿಯಲ್ಲಿ ‘ತಮ್ಮ’ ಎಂದು ಬರೆದದ್ದು ಸುಳ್ಳು. ಕಳೆದ ತಿಂಗಳು ಮಂಡಕ್ಕಿ ಭಟ್ಟಿಯ ಹುಡುಗನೊಬ್ಬನನ್ನು ಸೇರಿಸುವಾಗ ನಮ್ಮ ಹಮಾಲಿಯವರೂ ‘ಚಿಕ್ಕಪ್ಪ’ ಎಂದು ಅಂಥದ್ದೇ ಸುಳ್ಳು ಬರೆದಿದ್ದಾರೆ. ಇದು ಅಪರಾಧವಾದರೆ ನೋಟಿಸನ್ನು ನನ್ನ ಅಂಗಡಿಯ ವಿಳಾಸಕ್ಕೆ ಕಳುಹಿಸಿ, ಮೂವರೂ ಅಲ್ಲೇ ಸಿಗುತ್ತೇವೆ. ಅಪರಾಧವಲ್ಲದಿದ್ದರೆ, ಮುಂದಿನ ಸಲ ಆ ಜಾಗದಲ್ಲಿ ಏನು ಬರೆಯಬೇಕು, ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಹಾದಂಗಡಿಯವ
ದಾವಣಗೆರೆ