ಸ್ಮರಣೆಯ ಸವಾರಿ ಅಂತ ಕರೆದುಕೊಂಡು ಹೋಗಿ, ಸ್ಮರಣೆಗೇ ಸಮಯ ಕೊಡಲಿಲ್ಲ

ನಮಸ್ಕಾರ,

ಮೊದಲ ಮಹಾಯುದ್ಧದ ರಣರಂಗಗಳಿಗೆ ನೀವು ಕರೆದುಕೊಂಡು ಹೋದ ಐದು ದಿನದ ಸೈಕಲ್ ಪ್ರವಾಸದಲ್ಲಿ ನಾನೂ ಇದ್ದೆ. ಬೆಲ್ಜಿಯಂನ ಈಪರ್‌ನಿಂದ ಫ್ರಾನ್ಸಿನ ಸೊಮ್‌ವರೆಗೆ, ಒಟ್ಟು 14 ಜನ. ವಾಪಸ್ ಬಂದು ಎಂಟು ದಿನ ಆಯಿತು. ಕೋಪ ಇಳಿಯಲಿ, ಆಮೇಲೆ ಬರೆಯೋಣ ಅಂತ ಕಾದೆ. ಇಳಿಯಲಿಲ್ಲ.

ಸೈಕಲ್ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. ನನಗೆ ಕೊಟ್ಟ ಸೈಕಲ್‌ನ ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಇಬ್ಬರಿಗೆ ಪಂಕ್ಚರ್ ಆದಾಗ ಗೈಡ್ ಹತ್ತಿರ ಇದ್ದಿದ್ದು ಒಂದೇ ಟ್ಯೂಬ್. ಬೇಜಾರಾಯಿತು, ಆದರೆ ಬರೀ ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ.

ಎರಡನೇ ದಿನ ಸಂಜೆ ಈಪರ್‌ನ ಯುದ್ಧ ಸ್ಮಾರಕ ಮೆನಿನ್ ಗೇಟ್‌ನಲ್ಲಿ ನಮ್ಮ ಗುಂಪಿನ ಪರವಾಗಿ ಹೂಚಕ್ರ ಇಡುತ್ತೇವೆ ಅಂತ ನಿಮ್ಮ ಕಾರ್ಯಕ್ರಮದ ಪಟ್ಟಿಯಲ್ಲೇ ಬರೆದಿತ್ತು. ನಮ್ಮ ಜೊತೆ ಇದ್ದ ಒಬ್ಬ ಹಿರಿಯರು ಬಂದಿದ್ದೇ ಅದಕ್ಕೆ. ಅವರ ತಾತನ ಅಣ್ಣನ ಹೆಸರು ಆ ಗೋಡೆಯ ಮೇಲಿದೆ. ದೇಹ ಸಿಗಲಿಲ್ಲ, ಸಮಾಧಿ ಇಲ್ಲ, ಆ ಕಲ್ಲಿನ ಮೇಲಿನ ಹೆಸರೇ ಎಲ್ಲ. ಹಾಗೆ ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿವೆ. ಅವರಿಗಾಗಿ 1928ರಿಂದ ಪ್ರತಿ ಸಂಜೆ ಸರಿಯಾಗಿ 8 ಗಂಟೆಗೆ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಅನ್ನುವ, ಸತ್ತ ಸೈನಿಕರಿಗೆ ಗೌರವ ಸಲ್ಲಿಸುವ ರಾಗ ನುಡಿಸುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದ ವರ್ಷಗಳಲ್ಲಿ ಮಾತ್ರ ಅಲ್ಲಿ ಅದು ನಿಂತಿತ್ತು.

ನಾವು ತಲುಪಿದ್ದು 8 ಗಂಟೆ 10 ನಿಮಿಷಕ್ಕೆ. ಜನ ಚದುರುತ್ತಿದ್ದರು. ಆ ದಿನ ಬೆಳಿಗ್ಗೆ ಸೈಕಲ್‌ಗಳು ಎರಡು ಗಂಟೆ ತಡವಾಗಿ ಬಂದವು, ಅದಕ್ಕೇ ಹೀಗಾಯಿತು ಅಂತ ಗೈಡ್ ಹೇಳಿದರು. ಸರಿ, ತಡ ಆಗಿದೆ ಅಂತ ಬೆಳಿಗ್ಗೆಯೇ ಗೊತ್ತಿತ್ತಲ್ವಾ? ಮಧ್ಯಾಹ್ನದ ಆ 20 ಕಿ.ಮೀ. ಸುತ್ತು ಬಿಡಬಹುದಿತ್ತು. ಇನ್ನೂ ನೋವಾಗಿದ್ದು ಆಮೇಲೆ. ಹೂಚಕ್ರ ಇಡಲು ಮೊದಲೇ ಅರ್ಜಿ ಹಾಕಿ ಹೆಸರು ಬರೆಸಬೇಕು. ಅಲ್ಲಿ ವಿಚಾರಿಸಿದರೆ ನಮ್ಮ ಗುಂಪಿನ ಹೆಸರು ಆ ದಿನದ ಪಟ್ಟಿಯಲ್ಲೇ ಇರಲಿಲ್ಲ. ಅಂದರೆ ನಾವು 7 ಗಂಟೆಗೇ ಹೋಗಿದ್ದರೂ ಆ ಹಿರಿಯರಿಗೆ ಹೂಚಕ್ರ ಇಡಲು ಆಗುತ್ತಿರಲಿಲ್ಲ. ಅವರು ಏನೂ ಮಾತಾಡಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು, ತಲೆ ಎತ್ತಿ ಕತ್ತಲಾಗುವವರೆಗೆ ಹೆಸರು ಹುಡುಕುತ್ತಾ ನಿಂತಿದ್ದರು. ಗೈಡ್ ಮಾತ್ರ ಊಟಕ್ಕೆ ತಡ ಆಗುತ್ತೆ ಅಂತ ಎರಡು ಸಲ ಕರೆದರು.

ಮಾರನೇ ದಿನ ಬೆಳಿಗ್ಗೆ ಟೈನ್ ಕಾಟ್ ಅನ್ನುವ ಸೈನಿಕರ ಸ್ಮಶಾನ. ಸುಮಾರು 12,000 ಸಮಾಧಿಗಳು, ಅದರಲ್ಲಿ 8,300ಕ್ಕೂ ಹೆಚ್ಚು ಯಾರದು ಅಂತಲೇ ಗೊತ್ತಿಲ್ಲ. ಅಲ್ಲಿ ನಮಗೆ ಕೊಟ್ಟಿದ್ದು ಹದಿನೈದು ನಿಮಿಷ. ಸೈಕಲ್ ಹೊರಗೆ ನಿಲ್ಲಿಸಿ, ಬೀಗ ಹಾಕಿ, ಒಳಗೆ ನಡೆದು ಹೋಗುವಷ್ಟರಲ್ಲಿ ಅರ್ಧ ಸಮಯ ಮುಗಿದಿತ್ತು.

ಈಗ ನನ್ನ ಸ್ವಂತ ದೂರು. ನಾನು ಇಷ್ಟೊಂದು ಟೂರ್‌ಗಳಲ್ಲಿ ನಿಮ್ಮದನ್ನೇ ಆರಿಸಿದ್ದು ಫ್ರಾನ್ಸಿನ ನವ್ ಶಪೆಲ್ ಅನ್ನುವ ಹಳ್ಳಿ ನಿಮ್ಮ ದಾರಿಯಲ್ಲಿ ಇತ್ತು ಅಂತ. ಬುಕ್ ಮಾಡುವ ಮೊದಲು ಫೋನ್ ಮಾಡಿಯೂ ಕೇಳಿದ್ದೆ, ಖಂಡಿತ ಹೋಗುತ್ತೇವೆ ಅಂದಿರಿ. 1914ರಲ್ಲಿ ಮಾರ್ಸೇಲ್ಸ್‌ನಲ್ಲಿ ತೆಳು ಹತ್ತಿ ಬಟ್ಟೆಯಲ್ಲಿ ಹಡಗಿನಿಂದ ಇಳಿದು, ಆ ಚಳಿಗಾಲವನ್ನು ಕೆಸರಿನ ಕಂದಕಗಳಲ್ಲಿ ಕಳೆದ ನಮ್ಮ ಸೈನಿಕರು 1915ರ ಮಾರ್ಚ್ 10ರಂದು ದಾಳಿಗೆ ಹೊರಟ ಜಾಗ ಅದು. ಅಂದು ದಾಳಿ ಮಾಡಿದ ಪಡೆಯಲ್ಲಿ ಅರ್ಧದಷ್ಟು ಭಾರತೀಯ ಕಾರ್ಪ್ಸ್ ಅನ್ನುವ ಸೇನಾ ವಿಭಾಗದ್ದು. ಅದೇ ದಿನ ಸತ್ತು, ಆಮೇಲೆ ವಿಕ್ಟೋರಿಯಾ ಕ್ರಾಸ್ ಪಡೆದ ಗಬ್ಬರ್ ಸಿಂಗ್ ನೇಗಿ ಹೆಸರು ಅಲ್ಲಿನ ಸ್ಮಾರಕದಲ್ಲಿದೆ. ಅವರ ಜೊತೆ ಇನ್ನೂ 4,700ರಷ್ಟು ಹೆಸರುಗಳಿವೆ. ಎತ್ತರದ ಕಂಬ, ಎರಡೂ ಕಡೆ ಕಲ್ಲಿನ ಹುಲಿಗಳು. ಇದನ್ನೆಲ್ಲ ನಾನು ಫೋಟೋದಲ್ಲಿ ನೋಡಿದ್ದೇನೆ, ಓದಿದ್ದೇನೆ. ಕಣ್ಣಾರೆ ನೋಡಬೇಕಿತ್ತು.

ಅಲ್ಲಿಗೆ ಹೋಗಬೇಕಿದ್ದ ದಿನ ಮಧ್ಯಾಹ್ನ ಗೈಡ್ ಸುಮ್ನೆ ಹೇಳಿಬಿಟ್ಟರು, 'ದಾರಿ ಬದಲಾಗಿದೆ, ಇಲ್ಲಿಂದ ವ್ಯಾನ್‌ನಲ್ಲಿ ನೇರ ಆರಾಸ್‌ಗೆ ಹೋಗುತ್ತೇವೆ.' ಯಾಕೆ ಅಂತ ಕೇಳಿದ್ದಕ್ಕೆ, 'ಅಲ್ಲಿ ಅಷ್ಟೇನೂ ನೋಡುವಂಥದ್ದಿಲ್ಲ, ಒಂದು ಗೋಡೆ ಅಷ್ಟೇ' ಅಂದರು. ನಾನು ಅಲ್ಲೇ, ಎಲ್ಲರ ಎದುರೇ ಬೇಡ ಅಂದೆ, ಸಂಜೆ ನಿಮ್ಮ ಆಫೀಸಿಗೂ ಮೆಸೇಜ್ ಹಾಕಿದೆ. ಉತ್ತರ ಇವತ್ತಿನವರೆಗೂ ಬಂದಿಲ್ಲ. ಈಪರ್‌ನಿಂದ ನವ್ ಶಪೆಲ್ ಸುಮಾರು 40 ಕಿ.ಮೀ., ಬಹುಪಾಲು ಸಮತಟ್ಟು ರಸ್ತೆ. ನಮ್ಮಲ್ಲಿ ಯಾರಿಗೂ ಅದು ಕಷ್ಟ ಆಗುತ್ತಿರಲಿಲ್ಲ. ಅಷ್ಟು ದೂರದಿಂದ ಬಂದು ಸತ್ತವರ ಹೆಸರು ಬರೆದ ಗೋಡೆಯನ್ನು 'ಒಂದು ಗೋಡೆ ಅಷ್ಟೇ' ಅನ್ನುವವರು ಸ್ಮರಣೆಯ ಸವಾರಿ ನಡೆಸಬಾರದು.

ಚೆನ್ನಾಗಿ ನಡೆದಿದ್ದನ್ನೂ ಹೇಳಬೇಕು. ಕೊನೆಯ ದಿನ ಸೊಮ್‌ನಲ್ಲಿ ಬಂದ ಅಲ್ಲಿಯ ಗೈಡ್ ತುಂಬಾ ಒಳ್ಳೆಯವರು. ಲಾಖ್ನಗರ್ ಕುಳಿಯ ಅಂಚಿನಲ್ಲಿ ನಮ್ಮನ್ನು ಸುಮ್ಮನೆ ನಿಲ್ಲಿಸಿದರು. 1916ರ ಜುಲೈ 1ರ ಬೆಳಿಗ್ಗೆ 7 ಗಂಟೆ 28 ನಿಮಿಷಕ್ಕೆ ಸ್ಫೋಟಕ ತುಂಬಿದ ಸುರಂಗ ಸಿಡಿಸಿದ್ದರಿಂದ ಆ ಕುಳಿ ಆಯಿತು, ಸಂಜೆಯಾಗುವಷ್ಟರಲ್ಲಿ ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಜನ ಸತ್ತಿದ್ದರು ಅಂತ ಮೆಲ್ಲಗೆ ಹೇಳಿ, ಆಮೇಲೆ ಮಾತೇ ಆಡಲಿಲ್ಲ. ಯಾರೂ ಗಡಿಯಾರ ನೋಡಲಿಲ್ಲ. ಐದೂ ದಿನ ಹೀಗೆ ಇರುತ್ತೆ ಅಂತಲೇ ನಾವು ದುಡ್ಡು ಕಟ್ಟಿದ್ದು.

ನನಗೆ ಬೇಕಾಗಿರುವುದು ಇಷ್ಟು. ನವ್ ಶಪೆಲ್ ಬಿಟ್ಟಿದ್ದಕ್ಕೆ ಮತ್ತು ಮೆನಿನ್ ಗೇಟ್ ಕಾರ್ಯಕ್ರಮ ಆಗದಿದ್ದಕ್ಕೆ ಎರಡು ದಿನದ ಹಣ ವಾಪಸ್ ಕೊಡಿ, ನನಗೊಬ್ಬಳಿಗೇ ಅಲ್ಲ, 14 ಜನಕ್ಕೂ. ಮಾತು ಕೊಟ್ಟ ಸೇವೆ ಕೊಡದಿದ್ದರೆ ಅದಕ್ಕೆ ತಕ್ಕಂತೆ ಬೆಲೆ ಇಳಿಸಬೇಕು ಅಂತ ಪ್ಯಾಕೇಜ್ ಪ್ರವಾಸಗಳ ಬಗ್ಗೆ ಯುರೋಪಿಯನ್ ಒಕ್ಕೂಟದ 2015/2302 ನಿರ್ದೇಶನ ಹೇಳುತ್ತದೆ. 'ಮುಂದಿನ ಟೂರ್‌ಗೆ ರಿಯಾಯಿತಿ' ನನಗೆ ಬೇಡ. ಆ ಹಿರಿಯರಿಗೆ ನಿಮ್ಮ ಸಹಿ ಇರುವ ಕ್ಷಮೆಯ ಪತ್ರ ಬೇರೆಯಾಗಿ ಬರೆಯಿರಿ. ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಂದ್ರಕ್ಕೆ ಹೋಗುತ್ತೇನೆ.

ಇನ್ನೊಂದು ವಿಷಯ. ನಾವೆಲ್ಲ ಸೇರಿ ದುಡ್ಡು ಹಾಕಿ ತಂದ ಗಸಗಸೆ ಹೂವಿನ ಚಕ್ರ ನಿಮ್ಮ ವ್ಯಾನ್‌ನಲ್ಲೇ ಉಳಿದಿದೆ. ಹಿಂದಿನ ಸೀಟಿನ ಕೆಳಗೆ, ಪೆಟ್ಟಿಗೆಯಲ್ಲಿದೆ. ಅದನ್ನು ಎಸೆಯಬೇಡಿ. ಈ ಸಲ ಸರಿಯಾಗಿ ಅರ್ಜಿ ಹಾಕಿ, ದಿನ ಗೊತ್ತು ಮಾಡಿಕೊಂಡು, ಮೆನಿನ್ ಗೇಟ್‌ನಲ್ಲಿ 8 ಗಂಟೆಗೆ ಇಡಿಸಿ. ಯಾವ ದಿನ ಅಂತ ಆ ಹಿರಿಯರಿಗೆ ಮೊದಲೇ ತಿಳಿಸಿ. ಅವರು ಮತ್ತೆ ಬರುವುದಾದರೆ ಖರ್ಚು ನಿಮ್ಮದು.

ಇಂತಿ,
ನಿಮ್ಮ ಪ್ರವಾಸದಲ್ಲಿದ್ದ 14 ಜನರಲ್ಲಿ ಒಬ್ಬಳು