ಗೀರು ಉಜ್ಜುವ ಮುನ್ನ ಗಾಜು ಯಾವುದೆಂದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಪತ್ರಿಕೆಗಳ ಮನೆವಾರ್ತೆಯ ಅಂಕಣಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣಿಸಿಕೊಳ್ಳುವ ಒಂದು ಸಲಹೆಯಿದೆ. ಕೈಗಡಿಯಾರದ ಗಾಜಿನ ಮೇಲೆ ಸಣ್ಣ ಗೀರುಗಳಿದ್ದರೆ ತುಸು ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಸಾಕು, ಹೊಸದರಂತಾಗುತ್ತದೆ ಎಂಬುದು ಆ ಸಲಹೆ. ಮಾತು ಸುಳ್ಳಲ್ಲವಾದರೂ ಅರ್ಧಕ್ಕೆ ನಿಂತ ಮಾತು. ಯಾವ ಗಾಜಿಗೆ ಎಂಬುದನ್ನು ಹೇಳದೆ ಬಿಟ್ಟಿರುವುದರಿಂದ ಓದಿದವರು ಕೈಗೆ ಸಿಕ್ಕ ಗಡಿಯಾರವನ್ನೆಲ್ಲ ಉಜ್ಜಲು ಕೂರುತ್ತಾರೆ. ಹಾಗೆ ಕೂತವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ.

ಗೀರು ಎಂದರೆ ಮೇಲ್ಮೈಯಲ್ಲಿ ಬಿದ್ದ ಸಣ್ಣ ತಗ್ಗು. ಎಷ್ಟು ಉಜ್ಜಿದರೂ ಆ ತಗ್ಗು ತುಂಬಿಕೊಳ್ಳುವುದಿಲ್ಲ; ಅದರ ಸುತ್ತಲಿನ ಭಾಗ ಸವೆದು ತಗ್ಗಿನ ಮಟ್ಟಕ್ಕೆ ಇಳಿಯುತ್ತದೆ, ಅಷ್ಟೇ. ಆದ್ದರಿಂದ ಉಜ್ಜುವ ಪುಡಿ ಗಟ್ಟಿಯೋ ಉಜ್ಜಿಸಿಕೊಳ್ಳುವ ಗಾಜು ಗಟ್ಟಿಯೋ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಕೈಗಡಿಯಾರಕ್ಕೆ ಹಾಕುವ ‘ಗಾಜು’ ಸಾಮಾನ್ಯವಾಗಿ ಮೂರು ಬಗೆಯದು: ಹಳೆಯ ಗಡಿಯಾರಗಳಲ್ಲಿ ಹೆಚ್ಚಾಗಿ ಕಾಣುವ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್, ಮಿನರಲ್ ಎಂದು ಕರೆಯುವ ನಿಜವಾದ ಗಾಜು, ಮತ್ತು ಕಾರ್ಖಾನೆಯಲ್ಲಿ ಬೆಳೆಸಿದ ನೀಲದ ಹರಳಾದ ಸಫೈರ್. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಪ್ಲಾಸ್ಟಿಕ್ಕಿನದು 3ರ ಆಸುಪಾಸು, ಮಿನರಲ್ ಗಾಜಿನದು ಐದೂವರೆಯಿಂದ 6, ಸಫೈರ್‌ನದು 9. ಅದಕ್ಕಿಂತ ಮೇಲಿರುವುದು ವಜ್ರ ಮಾತ್ರ. ನಮ್ಮ ಹಲ್ಲಿನ ಹೊರಪದರದ ಗಡಸುತನ ಸುಮಾರು 5. ಅದನ್ನು ಸವೆಸದಂತೆ ನೋಡಿಕೊಂಡು ತಯಾರಿಸಿದ ಪೇಸ್ಟ್, ಅದಕ್ಕಿಂತ ಗಟ್ಟಿಯಾದ ಗಾಜನ್ನು ಸವೆಸೀತೇ? ಪ್ಲಾಸ್ಟಿಕ್ಕಿನ ಮೇಲೆ ಪವಾಡ ಮಾಡುವ ಟೂತ್‌ಪೇಸ್ಟ್ ಮಿನರಲ್ ಗಾಜಿನ ಮೇಲೆ ಕೈ ನೋಯಿಸುವುದರ ಹೊರತು ಬೇರೇನನ್ನೂ ಮಾಡದಿರುವುದಕ್ಕೆ ಕಾರಣ ಇದೇ.

ಗಾಜು ಯಾವುದೆಂದು ತಿಳಿಯುವುದು ಕಷ್ಟವಲ್ಲ. ಉಗುರಿನಿಂದ ತಟ್ಟಿದಾಗ ಅಕ್ರಿಲಿಕ್ ಮಂದವಾಗಿ ಸದ್ದು ಮಾಡುತ್ತದೆ, ಕೆನ್ನೆಗೆ ತಾಗಿಸಿದರೆ ಗಾಜಿನಷ್ಟು ತಣ್ಣಗಿರುವುದಿಲ್ಲ. ಸಫೈರ್ ಆಗಿದ್ದರೆ ತಯಾರಕರು ಸಾಮಾನ್ಯವಾಗಿ ಹಿಂಬದಿಯ ಮುಚ್ಚಳದ ಮೇಲೆಯೋ ಡಯಲ್ ಮೇಲೆಯೋ ಅದನ್ನು ಹೆಮ್ಮೆಯಿಂದ ಬರೆದುಕೊಂಡಿರುತ್ತಾರೆ.

ಅಕ್ರಿಲಿಕ್ ಎಂದು ಖಚಿತವಾದ ಮೇಲೆ ಕೆಲಸ ನಿಜಕ್ಕೂ ಸುಲಭ, ಮತ್ತು ಅದರಲ್ಲೊಂದು ಸುಖವೂ ಇದೆ. ಪಟ್ಟಿಯನ್ನು ಬಿಚ್ಚಿ, ಕೀ ಕೊಡುವ ತಿರುಪು ಪೂರ್ತಿ ಒಳಕ್ಕೆ ಕೂತಿದೆಯೇ ಎಂದು ನೋಡಿ, ಗಾಜಿನ ಸುತ್ತಲಿನ ಲೋಹದ ಬಳೆಯ ಮೇಲೆ ಅಂಟುಪಟ್ಟಿ ಹಚ್ಚಿ, ಹೆಸರುಕಾಳಿನಷ್ಟು ಪೇಸ್ಟನ್ನು ಮೆತ್ತನೆಯ ಹತ್ತಿಬಟ್ಟೆಯಲ್ಲಿ ತೆಗೆದುಕೊಂಡು ಸಣ್ಣ ಸುತ್ತುಗಳಲ್ಲಿ ಹಗುರವಾಗಿ ಮೂರು ನಾಲ್ಕು ನಿಮಿಷ ಉಜ್ಜಬೇಕು. ಮೊದಲಿಗೆ ಗಾಜು ಮಬ್ಬಾಗಿ, ಇದ್ದದ್ದೂ ಹೋಯಿತೇನೋ ಎನಿಸುತ್ತದೆ. ಅಲ್ಲಿಗೆ ಗಾಬರಿಯಾಗಿ ನಿಲ್ಲಿಸಬಾರದು. ತುಸುವೇ ಒದ್ದೆಯಾದ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಮತ್ತೆ ಉಜ್ಜಬೇಕು. ಎರಡನೆಯ ಮೂರನೆಯ ಸುತ್ತಿಗೆ ಜೇಡರ ಬಲೆಯಂತಿದ್ದ ಗೆರೆಗಳು ಒಂದೊಂದಾಗಿ ಅಳಿಸಿ ಕೆಳಗಿನ ಅಂಕಿಗಳು ನಿಚ್ಚಳವಾಗಿ ಮೇಲೇಳುತ್ತವೆ. ಗೀರಿನ ಮೇಲೆ ಉಗುರು ಆಡಿಸಿದಾಗ ಸಿಕ್ಕಿಕೊಂಡರೆ ಅದು ಪೇಸ್ಟಿಗೆ ಬಗ್ಗುವಷ್ಟು ಸಣ್ಣದಲ್ಲ. ಅದಕ್ಕೆ ಮೊದಲು ಅತಿ ನಯವಾದ ಉಪ್ಪುಕಾಗದ ಬೇಕು, ಅದಕ್ಕೆ ಪಳಗಿದ ಕೈಯೂ ಬೇಕು. ಇನ್ನು ನಲ್ಲಿಯ ಕೆಳಗೆ ಹಿಡಿದು ಪೇಸ್ಟ್ ತೊಳೆಯುವವರಿದ್ದಾರೆ. ಹಳೆಯ ಗಡಿಯಾರದ ರಬ್ಬರು ಉಂಗುರಗಳು ಒಣಗಿ ಬಿರಿದಿರುತ್ತವೆಯಾದ್ದರಿಂದ ಗೀರಿನ ಜೊತೆಗೆ ಯಂತ್ರವೂ ಹೋಗುವ ದಾರಿ ಅದು.

ಮಿನರಲ್ ಗಾಜಿಗೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ ಉಣ್ಣೆಯ ಚಕ್ರದಿಂದ ಉಜ್ಜುವ ಕ್ರಮವಿದೆ; ತಾಳ್ಮೆಯ ಕೆಲಸ, ಗಾಜನ್ನೇ ಬದಲಾಯಿಸುವುದು ಎಷ್ಟೋ ಮೇಲು. ಸಫೈರನ್ನು ಮನೆಯಲ್ಲಿ ಮುಟ್ಟಬಾರದೆಂದೇ ನನ್ನ ಅಭಿಪ್ರಾಯ. ಅದನ್ನು ಸವೆಸಲು ವಜ್ರದ ಪುಡಿ ಬೇಕು, ಮೇಲೆ ಬೆಳಕಿನ ಪ್ರತಿಫಲನ ತಡೆಯುವ ಲೇಪವಿದ್ದರೆ ಗೀರಿಗಿಂತ ಮೊದಲು ಆ ಲೇಪವೇ ಕಿತ್ತುಬರುತ್ತದೆ. ಆದರೆ ಒಂದು ಮಾತು: ಸಫೈರ್ ಮೇಲೆ ಕಾಣುವ ಬೂದುಬಣ್ಣದ ಗೆರೆ ಎಷ್ಟೋ ಸಲ ಗೀರೇ ಆಗಿರುವುದಿಲ್ಲ. ಬಾಗಿಲ ಹಿಡಿಗೋ ಕಬ್ಬಿಣದ ಸರಳಿಗೋ ತಾಗಿದಾಗ ಸವೆಯುವುದು ಆ ಲೋಹ, ಅದರ ಗುರುತು ಹರಳಿಗೆ ಮೆತ್ತಿಕೊಂಡಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದನ್ನು ಒರೆಸಿ ತೆಗೆಯಬಹುದು.

ನಾನು ಎಡವಿದ್ದು ಗಾಜಿನಲ್ಲಲ್ಲ, ಲೋಹದಲ್ಲಿ. ತಂದೆಯವರ ಕೈಗಡಿಯಾರದ ಅಕ್ರಿಲಿಕ್ ಗಾಜು ಒಂದು ಸಂಜೆಯಲ್ಲಿ ಬೆಳಗಿದ್ದನ್ನು ಕಂಡು ಉಮೇದು ಹೆಚ್ಚಿ, ಪಕ್ಕದ ಬಿಳಿಯ ಲೋಹದ ಗೀರುಗಳನ್ನೂ ತೆಗೆದುಬಿಡೋಣವೆಂದು ಹೊರಟೆ. ಹಿಂಬದಿಯಲ್ಲಿ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದು ಕೆತ್ತಿತ್ತು. ಸ್ಟೀಲ್ ಎಂಬ ಪದ ಕಣ್ಣಿಗೆ ಬಿತ್ತು, ಬ್ಯಾಕ್ ಎಂಬುದು ಬೀಳಲಿಲ್ಲ. ಸ್ಟೀಲಿನದು ಹಿಂಬದಿಯ ಮುಚ್ಚಳ ಮಾತ್ರ, ಮೈಯೆಲ್ಲ ಹಿತ್ತಾಳೆ, ಅದರ ಮೇಲೆ ಕ್ರೋಮಿಯಂ ಲೇಪ ಎಂಬುದು ಗೊತ್ತಾದದ್ದು, ಪಟ್ಟಿ ಸಿಕ್ಕಿಸುವ ಕೊಂಬಿನ ತುದಿಯಲ್ಲಿ ಉಪ್ಪುಕಾಗದದ ಕೆಳಗೆ ಹಳದಿ ಚುಕ್ಕೆಯೊಂದು ಇಣುಕಿದಾಗ. ಇನ್ನೆರಡು ಸಲ ಉಜ್ಜಿದರೆ ಮರೆಯಾದೀತೆಂದು ಉಜ್ಜಿದೆ; ಚುಕ್ಕೆ ಅಕ್ಕಿಕಾಳಿನಷ್ಟಾಯಿತು. ಚಿನ್ನದ ಲೇಪದ ಗಡಿಯಾರಗಳ ಪಾಡೂ ಇದೇ. ದಪ್ಪ ಲೇಪವೆಂದು ಮುದ್ರೆಯೊತ್ತಿದವುಗಳಲ್ಲೂ ಅದು 10 ಅಥವಾ 20 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪದ ಮೂರನೆಯ ಒಂದು ಪಾಲೂ ಇಲ್ಲ. ಕಪ್ಪು ಲೇಪದವುಗಳನ್ನಂತೂ ಉಜ್ಜುವ ಮಾತೇ ಇಲ್ಲ.

ಪೂರ್ತಿ ಸ್ಟೀಲಿನದೇ ಆಗಿದ್ದರೂ ಕನ್ನಡಿಯಂತೆ ಹೊಳೆಯುವ ಭಾಗ ಬೇರೆ, ಒಂದೇ ದಿಕ್ಕಿಗೆ ಸಣ್ಣ ಗೆರೆಗಳನ್ನೆಳೆದು ಮಂದ ಮಾಡಿದ ಭಾಗ ಬೇರೆ. ಎರಡನೆಯದನ್ನು ಸುತ್ತುಸುತ್ತಾಗಿ ಉಜ್ಜಿದರೆ ಕಲೆಯಂತೆ ಎದ್ದು ಕಾಣುತ್ತದೆ. ಹೊಳೆಯುವ ಭಾಗಕ್ಕೆ ಅಂಟುಪಟ್ಟಿ ಹಚ್ಚಿ, ಗೆರೆಗಳಿರುವ ದಿಕ್ಕಿನಲ್ಲೇ ನಯವಾದ ನಾರಿನ ಪ್ಯಾಡನ್ನು ಒಂದೇ ಕಡೆಗೆ ಎಳೆಯಬೇಕು. ಹೊಳಪಿನ ಭಾಗಕ್ಕೆ ಪಾಲಿಶ್ ಬಟ್ಟೆ ಸಾಕು. ಆದರೂ ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ, ಅಂಚುಗಳು ಮೊಂಡಾಗುತ್ತವೆ. ಹಳೆಯ ಗಡಿಯಾರಗಳನ್ನು ಸಂಗ್ರಹಿಸುವವರು ಒಮ್ಮೆಯೂ ಪಾಲಿಶ್ ಕಾಣದ, ಅಂಚು ಚೂಪಾಗಿರುವ ಗಡಿಯಾರಕ್ಕೆ ಹೆಚ್ಚು ಬೆಲೆ ಕೊಡುವುದು ಸುಮ್ಮನೆ ಅಲ್ಲ.

ಅಂಕಣದಲ್ಲಿ ಇಷ್ಟನ್ನೆಲ್ಲ ಹೇಳಲು ಜಾಗವಿರುವುದಿಲ್ಲವೆಂದು ಬಲ್ಲೆ. ಮುಂದಿನ ಸಲ ಆ ಸಲಹೆಯನ್ನು ಅಚ್ಚು ಮಾಡುವಾಗ ‘ಪ್ಲಾಸ್ಟಿಕ್ ಗಾಜಿಗೆ ಮಾತ್ರ’ ಎಂಬ ಮೂರು ಪದಗಳನ್ನು ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ