ಬಂದೂಕಿನ ಹಕ್ಕು: ರಾಜ್ಯಗಳ ಸಂವಿಧಾನವನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ನಮ್ಮ ಪತ್ರಿಕೆಗಳು ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿಯನ್ನು ಉಲ್ಲೇಖಿಸಿ, ಬಂದೂಕು ಹೊಂದುವುದು ಆ ದೇಶದ ಪ್ರಜೆಗಳ ಹಕ್ಕೆಂದು ಹೇಳಿ ಮುಗಿಸಿಬಿಡುತ್ತವೆ. ಅಲ್ಲಿನ ಐವತ್ತು ರಾಜ್ಯಗಳಿಗೂ ತಮ್ಮದೇ ಸಂವಿಧಾನಗಳಿವೆ, ಅವುಗಳ ಅರ್ಥ ನಿರ್ಣಯಿಸುವ ಕೊನೆಯ ಅಧಿಕಾರ ಆಯಾ ರಾಜ್ಯದ ಅತ್ಯುನ್ನತ ನ್ಯಾಯಾಲಯದ್ದು ಎಂಬ ಸಂಗತಿ ಓದುಗರಿಗೆ ತಲುಪುವುದೇ ಇಲ್ಲ. ಇಡೀ ದೇಶಕ್ಕೆ ಒಂದೇ ಸಂವಿಧಾನವಿರುವ ನಮಗೆ ಇದು ತಾನಾಗಿ ಹೊಳೆಯುವ ವಿಷಯವೂ ಅಲ್ಲ.

ಎರಡನೇ ತಿದ್ದುಪಡಿ ಜಾರಿಗೆ ಬಂದದ್ದು 1791ರಲ್ಲಿ. ಅದಕ್ಕೂ 15 ವರ್ಷ ಮೊದಲೇ ಪೆನ್ಸಿಲ್ವೇನಿಯಾದ ಸಂವಿಧಾನ, ಜನರಿಗೆ ತಮ್ಮ ಹಾಗೂ ರಾಜ್ಯದ ರಕ್ಷಣೆಗಾಗಿ ಆಯುಧ ಧರಿಸುವ ಹಕ್ಕಿದೆ ಎಂದು ಬರೆದಿತ್ತು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ರಾಜ್ಯಗಳ ಸಂವಿಧಾನಗಳಲ್ಲಿ ಅಂಥ ವಿಧಿಯೇ ಇಲ್ಲ. ಕಾನ್ಸಾಸ್‌ನ ಸಂವಿಧಾನದಲ್ಲಿದ್ದ ಹಕ್ಕು ನಾಗರಿಕ ಸೇನೆಗೆ ಸಂಬಂಧಿಸಿದ್ದೇ ಹೊರತು ವ್ಯಕ್ತಿಗಲ್ಲ ಎಂದು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಒಂದು ಶತಮಾನದ ಬಳಿಕ, 2010ರಲ್ಲಿ, ಮತದಾರರೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು ಅದನ್ನು ವ್ಯಕ್ತಿಯ ಹಕ್ಕಾಗಿಸಿದರು.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಹವಾಯಿ ಸುಪ್ರೀಂ ಕೋರ್ಟಿನ 2024ರ ಫೆಬ್ರುವರಿಯ ತೀರ್ಪು. 2017ರ ಒಂದು ರಾತ್ರಿ ಹವಾಯಿಯ ಮಾವಿ ದ್ವೀಪದ ಪಶ್ಚಿಮ ಭಾಗದ ಗುಡ್ಡದಲ್ಲಿ, ಖಾಸಗಿ ಜಮೀನಿನೊಳಗೆ, ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲಿದ್ದ ವ್ಯಕ್ತಿಯೊಬ್ಬ ಸಿಕ್ಕಿಬಿದ್ದ. ಚಂದ್ರನನ್ನೂ ಅಲ್ಲಿನ ಗಿಡಗಳನ್ನೂ ನೋಡಲು ಬಂದಿದ್ದೆವೆಂಬುದು ಅವನ ಸಮಜಾಯಿಷಿ. ಪರವಾನಗಿ ಇರಲಿಲ್ಲ, ಅದಕ್ಕೆ ಅವನು ಅರ್ಜಿಯನ್ನೂ ಹಾಕಿರಲಿಲ್ಲ. ಹವಾಯಿ ಸಂವಿಧಾನದ ಸಂಬಂಧಪಟ್ಟ ವಾಕ್ಯವನ್ನು ಎರಡನೇ ತಿದ್ದುಪಡಿಯ ಪಕ್ಕದಲ್ಲಿಟ್ಟು ನೋಡಿದರೆ ಕಾಣುವ ವ್ಯತ್ಯಾಸ ಎರಡು ಅಲ್ಪವಿರಾಮಗಳದ್ದು ಮತ್ತು ಇಂಗ್ಲಿಷಿನ ಮೂರು ದೊಡ್ಡಕ್ಷರಗಳದ್ದು (ಕ್ಯಾಪಿಟಲ್), ಅಷ್ಟೇ. ಆದರೂ, ಬಹಿರಂಗ ಸ್ಥಳದಲ್ಲಿ ಬಂದೂಕು ಹೊತ್ತು ಓಡಾಡುವ ಹಕ್ಕನ್ನು ಈ ವಾಕ್ಯ ಯಾವ ವ್ಯಕ್ತಿಗೂ ಕೊಡುವುದಿಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು. ಅನುಮತಿಯಿಲ್ಲದೆ ಪಿಸ್ತೂಲು, ಗುಪ್ತಿ ಮೊದಲಾದ ಮಾರಕಾಯುಧ ಒಯ್ಯುವುದನ್ನು ಹವಾಯಿ 1852ರಲ್ಲೇ, ಅಂದರೆ ಅಮೆರಿಕಕ್ಕೆ ಸೇರುವ ಎಷ್ಟೋ ಮೊದಲು, ಸ್ವತಂತ್ರ ದೇಶವಾಗಿದ್ದಾಗ, ನಿಷೇಧಿಸಿತ್ತು. ಅಂಥ ಚರಿತ್ರೆಯುಳ್ಳ ನಾಡಿನ ಸಂವಿಧಾನವನ್ನು ಅದೇ ಚರಿತ್ರೆಯ ಬೆಳಕಿನಲ್ಲಿ ಓದುವುದು ನ್ಯಾಯಸಮ್ಮತವೆಂದೇ ನಾನು ನಂಬುತ್ತೇನೆ.

ಹಾಗೆಂದು ರಾಜ್ಯಗಳಿಗೆ ಪೂರ್ತಿ ಸ್ವಾತಂತ್ರ್ಯವಿದೆ ಎಂದೇನೂ ಅಲ್ಲ. ಎರಡನೇ ತಿದ್ದುಪಡಿ ರಾಜ್ಯಗಳನ್ನೂ ಬಂಧಿಸುತ್ತದೆ ಎಂದು 2010ರಲ್ಲೂ, ಮನೆಯ ಹೊರಗೂ ಆಯುಧ ಒಯ್ಯುವ ಹಕ್ಕಿದೆ ಎಂದು 2022ರಲ್ಲೂ ಒಕ್ಕೂಟದ ಸುಪ್ರೀಂ ಕೋರ್ಟ್ ಹೇಳಿದೆ. ರಾಜ್ಯದ ಸಂವಿಧಾನ ಅದಕ್ಕಿಂತ ಹೆಚ್ಚಿನ ಹಕ್ಕನ್ನು ಕೊಡಬಹುದು. ಅದು ಏನನ್ನೂ ಕೊಡದಿದ್ದರೂ ಒಕ್ಕೂಟ ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ.

ಕೊಡಗಿನವರ ಕೋವಿಯನ್ನು ಅಮೆರಿಕದವರ ಹಕ್ಕಿಗೆ ಹೋಲಿಸುವವರೂ ನಮ್ಮಲ್ಲಿದ್ದಾರೆ. ಕೈಲ್‌ಪೊಳ್ದು ಹಬ್ಬದಂದು ಹೂ ಮುಡಿದು ಪೂಜೆಗೊಳ್ಳುವ ಆ ಕೋವಿಯ ಮೇಲೆ ನನಗೂ ಗೌರವವಿದೆ. ಆದರೆ ಪರವಾನಗಿಯಿಂದ ಅವರಿಗಿರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಿಂದ ಬಂದದ್ದು. 2029ರವರೆಗೆ ಅದಕ್ಕೆ ಅವಧಿಯಿದೆ. ಶಸ್ತ್ರಾಸ್ತ್ರ ನಮ್ಮ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರುವ ವಿಷಯವಾದ್ದರಿಂದ, ಈ ವಿಚಾರದಲ್ಲಿ ಹವಾಯಿ ಅಥವಾ ಕಾನ್ಸಾಸ್‌ಗೆ ಇರುವಂಥ ಅಧಿಕಾರ ಕರ್ನಾಟಕಕ್ಕಿಲ್ಲ.

ಆದ್ದರಿಂದ ಅಮೆರಿಕದ ಇಂಥ ಸುದ್ದಿಯನ್ನು ಮುಂದೆ ಪ್ರಕಟಿಸುವಾಗ, ಘಟನೆ ಯಾವ ರಾಜ್ಯದ್ದು, ಆ ರಾಜ್ಯದ ಸಂವಿಧಾನ ಈ ಕುರಿತು ಏನು ಹೇಳುತ್ತದೆ ಎಂಬುದನ್ನು ಎರಡು ಸಾಲಿನಲ್ಲಾದರೂ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಕಾನೂನು ಉಪನ್ಯಾಸಕ, ಮೈಸೂರು